ಸ್ಟೇಜ್ ಬಿಡಿ, ಊಟದ ಹಾಲ್ ನೋಡಿ: ಕಾಸರಗೋಡಿನಲ್ಲಿ ಬೋರ್ಡ್ ಗೇಮ್ ಟೂರ್ನಿಗೆ ಜಾಗ ಹುಡುಕುವ ಬಗೆ

ಕಾಸರಗೋಡು ಜಿಲ್ಲೆಯಲ್ಲಿ ಹಾಲ್‌ಗಳಿಗೆ ಬರವಿಲ್ಲ. ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಯಾವ ದಾರಿ ಹಿಡಿದರೂ ಒಂದು ಕಲ್ಯಾಣಮಂಟಪ, ಒಂದು ದೇವಸ್ಥಾನದ ಸಭಾಭವನ, ಒಂದು ಚರ್ಚ್ ಹಾಲ್, ಒಂದು ಪಂಚಾಯತ್ ಕಮ್ಯುನಿಟಿ ಹಾಲ್ ಸಿಕ್ಕೇ ಸಿಗುತ್ತದೆ. ಆದರೆ ಇವನ್ನೆಲ್ಲ ಕಟ್ಟಿದ್ದು ಸ್ಟೇಜ್ ನೋಡುವ ಜನರಿಗಾಗಿ. ಮದುವೆ, ಯಕ್ಷಗಾನ, ತಾಳಮದ್ದಳೆ, ಶಾಲೆಯ ವಾರ್ಷಿಕೋತ್ಸವ, ಯಾವುದೇ ಆಗಲಿ, ಎಲ್ಲರೂ ಒಂದೇ ಕಡೆ ಮುಖ ಮಾಡಿ ಕೂರುತ್ತಾರೆ. ಚೆಸ್, ಕೇರಂ, ಚೆನ್ನೆಮಣೆ, ಈಗ ಹುಡುಗರು ಆಡುವ ಕಟಾನ್‌ನಂಥ ಆಟ ಇವುಗಳ ಟೂರ್ನಿಯಲ್ಲಿ ಜನ ಎದುರುಬದುರು ಕೂತು, ತಲೆ ತಗ್ಗಿಸಿ, ಬೆಳಗ್ಗಿನಿಂದ ಸಂಜೆಯವರೆಗೆ ಟೇಬಲ್ ನೋಡುತ್ತಾರೆ. ಸ್ಟೇಜ್ ಬೇಕಾಗುವುದು ಬಹುಮಾನ ಕೊಡುವ ಅರ್ಧ ಗಂಟೆಗೆ ಮಾತ್ರ. ಹಾಗಾಗಿ ಸ್ಟೇಜ್ ನೋಡಿ ಹಾಲ್ ಆರಿಸಿದರೆ ದುಡ್ಡೂ ಜಾಸ್ತಿ, ತಾಪತ್ರಯವೂ ಜಾಸ್ತಿ.

ಇನ್ನೂರು, ಮುನ್ನೂರು ಜನ ಸೇರುವ ಟೂರ್ನಿಗೆ ಕಡಿಮೆ ಖರ್ಚಿನಲ್ಲಿ, ಎಲ್ಲರೂ ಒಳಗೆ ಬರಲಾಗುವಂಥ ಜಾಗ ಹುಡುಕುವುದು ಹೇಗೆ ಅಂತ ಒಂದೊಂದಾಗಿ ನೋಡೋಣ.

ಮೊದಲು ಲೆಕ್ಕ, ಆಮೇಲೆ ಫೋನು

ಹಾಲ್‌ನವರಿಗೆ ಫೋನ್ ಮಾಡುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಎಷ್ಟು ಜನ, ಯಾವ ಆಟ, ಎಷ್ಟು ಹೊತ್ತು, ಈ ಮೂರೂ ಬರೆಯಿರಿ.

ಜಾಗದ ಲೆಕ್ಕಕ್ಕೆ ನಾನು ಬಳಸುವ ಅಂದಾಜು ಹೀಗಿದೆ. ಚೆಸ್‌ಗೆ ಒಂದು ಜೋಡಿಗೆ 40 ಚದರ ಅಡಿ. ಕೇರಂಗೆ ಒಂದು ಬೋರ್ಡಿಗೆ 100 ಚದರ ಅಡಿ, ಯಾಕಂದ್ರೆ ನಾಲ್ಕೂ ಕಡೆ ಕುರ್ಚಿ ಬೇಕು, ಮೊಣಕೈ ಆಡಿಸಲು ಜಾಗ ಬೇಕು. ನಾಲ್ಕೈದು ಜನ ಸುತ್ತ ಕೂತು ಆಡುವ ಬೋರ್ಡ್ ಗೇಮಿಗೆ ಒಂದು ಟೇಬಲಿಗೆ 80 ಚದರ ಅಡಿ. ಇದರಲ್ಲೇ ನಡುವಿನ ಓಡಾಟದ ದಾರಿಯೂ ಸೇರಿದೆ.

ಉದಾಹರಣೆಗೆ ಚೆಸ್‌ಗೆ 128 ಜನ, ಅಂದರೆ 64 ಬೋರ್ಡ್: 2,560 ಚದರ ಅಡಿ. ಕೇರಂ 12 ಬೋರ್ಡ್: 1,200. ಉಳಿದ ಆಟಗಳಿಗೆ 10 ಟೇಬಲ್: 800. ಒಟ್ಟು 4,560. ನೋಂದಣಿ ಟೇಬಲ್, ತೀರ್ಪುಗಾರರು, ಮಕ್ಕಳನ್ನು ಕರೆತಂದ ಅಪ್ಪ ಅಮ್ಮಂದಿರು, ಇವರಿಗೆಲ್ಲ ಅಂತ ಕಾಲು ಭಾಗ ಸೇರಿಸಿದರೆ 5,700 ಚದರ ಅಡಿ ಆಯಿತು. ಕೇರಂಗೂ ಉಳಿದ ಟೇಬಲಿಗೂ ತಲಾ ನಾಲ್ವರು ಅಂದುಕೊಂಡರೆ ಆಟಗಾರರು ಬರೀ 216 ಜನ.

ಇದನ್ನು ಹಾಲ್‌ನವರ ಭಾಷೆಗೆ ತಿರುಗಿಸಿಕೊಳ್ಳಿ. ಅವರು ಹೇಳುವ ಸೀಟಿನ ಲೆಕ್ಕ ಸಾಲಾಗಿ ಕುರ್ಚಿ ಹಾಕಿದಾಗಿನದ್ದು. ಅದನ್ನು ನಾಲ್ಕರಿಂದ ಭಾಗಿಸಿ. "800 ಸೀಟ್ ಉಂಟು" ಅಂದರೆ 200 ಆಟಗಾರರು ಅಂತ ತಿಳಿಯಿರಿ.

ಇನ್ನು ಹೊತ್ತಿನ ಲೆಕ್ಕ. 128 ಜನರ ಚೆಸ್ ಟೂರ್ನಿಗೆ ಸ್ವಿಸ್ ಪದ್ಧತಿಯಲ್ಲಿ (ಸೋತವರೂ ಹೊರಬೀಳದೆ, ಪ್ರತಿ ಸುತ್ತಿನಲ್ಲಿ ಹತ್ತಿರದ ಅಂಕದವರ ಜೊತೆ ಆಡುವ ಕ್ರಮ) 7 ಸುತ್ತು ಬೇಕು. ಒಬ್ಬೊಬ್ಬರಿಗೆ 15 ನಿಮಿಷ, ಪ್ರತಿ ನಡೆಗೆ 10 ಸೆಕೆಂಡ್ ಸೇರಿಸುವ ರ‍್ಯಾಪಿಡ್ ಆದರೆ 60 ನಡೆಯ ಆಟ 50 ನಿಮಿಷ ತೆಗೆದುಕೊಳ್ಳಬಹುದು. ಮುಂದಿನ ಸುತ್ತಿನ ಜೋಡಿ ಹಾಕಲು ಹತ್ತು ನಿಮಿಷ. ಅಲ್ಲಿಗೆ 7 ಗಂಟೆ. ಊಟಕ್ಕೆ ಒಂದು ಗಂಟೆ, ಉದ್ಘಾಟನೆಗೆ ಅರ್ಧ ಗಂಟೆ (ಅತಿಥಿಗಳ ಭಾಷಣ ಉದ್ದವಾದರೆ ಒಂದು), ಕೊನೆಗೆ ಬಹುಮಾನ. ಬೆಳಗ್ಗೆ 8ಕ್ಕೆ ಬಾಗಿಲು ತೆಗೆದರೆ ಸಂಜೆ 6ಕ್ಕೆ ಮುಗಿಯುತ್ತದೆ. ಮದುವೆ ಹಾಲ್‌ಗಳಲ್ಲಿ "ಮೂರು ಗಂಟೆಗೆ ಬಿಟ್ಟುಕೊಡಬೇಕು" ಅನ್ನುವ ಅರ್ಧ ದಿನದ ಬಾಡಿಗೆ ಇರುತ್ತದಲ್ಲ, ಅದು ನಮಗೆ ಆಗಿಬರುವುದಿಲ್ಲ. ಸಂಜೆಗೆ ಅದೇ ಹಾಲ್‌ನಲ್ಲಿ ರಿಸೆಪ್ಶನ್ ಇದ್ದರಂತೂ ಐದನೇ ಸುತ್ತಿಗೇ ಡೆಕೋರೇಶನ್‌ನವರು ಏಣಿ ಹಿಡಿದು ಬಂದು ನಿಲ್ಲುತ್ತಾರೆ. ಅದೇ ದಿನ, ಹಿಂದಿನ ಸಂಜೆ, ಮರುದಿನ ಬೆಳಗ್ಗೆ ಬೇರೆ ಏನು ಬುಕಿಂಗ್ ಇದೆ ಅಂತ ಕೇಳಲೇಬೇಕು. ಹಿಂದಿನ ಸಂಜೆ ಟೇಬಲ್ ಹಾಕಲು ಬಿಡದ ಹಾಲ್ ಎಷ್ಟೇ ಅಗ್ಗವಾದರೂ ಬೇಡ.

ಅಗ್ಗದ ಹಾಲ್ ಹುಡುಕಬೇಡಿ, ಖಾಲಿ ತಾರೀಕು ಹುಡುಕಿ

ಬಾಡಿಗೆಯಲ್ಲಿ ಚೌಕಾಸಿ ನಡೆಯುವುದು ಮುಹೂರ್ತ ಇಲ್ಲದ ದಿನ ಮಾತ್ರ. ಪಂಚಾಂಗ ತೆಗೆದು ನೋಡಿ. ಮದುವೆಯ ಭಾನುವಾರ ಯಾವ ಮ್ಯಾನೇಜರೂ ನಿಮ್ಮ ಮಾತು ಕೇಳುವುದಿಲ್ಲ. ಅದೇ ಆಟಿ ತಿಂಗಳಲ್ಲಿ, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ, ಹಾಲ್‌ಗಳು ಬಾಗಿಲು ಹಾಕಿಕೊಂಡು ಕೂತಿರುತ್ತವೆ. ಮಲಯಾಳದವರಿಗೂ ಅದು ಕರ್ಕಾಟಕ ಮಾಸ, ಅವರಲ್ಲೂ ಹಿಂದೂ ಮನೆಗಳಲ್ಲಿ ಮದುವೆ ಇಲ್ಲ. ನಮ್ಮ ತುಳುನಾಡಿನಲ್ಲಿ ಚೆನ್ನೆಮಣೆ ಅಟ್ಟದಿಂದ ಕೆಳಗಿಳಿಯುವುದೂ ಆಟಿಯಲ್ಲೇ. ಹೊರಗೆ ಹೋಗಲಾಗದ ಮಳೆಯಲ್ಲಿ ಕೂತು ಆಡುವ ಆಟ ಅದು. ಟೂರ್ನಿಗೆ ಇದಕ್ಕಿಂತ ಒಳ್ಳೆ ತಿಂಗಳು ಬೇಕಾ?

ಆದರೆ ಮಳೆ ಮಳೆಯೇ. ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಟ್ಟು ಜಿಲ್ಲಾಧಿಕಾರಿ ರಜೆ ಘೋಷಿಸಿದರೆ ಟೂರ್ನಿ ಮುಂದಕ್ಕೆ ಹಾಕಬೇಕಾಗುತ್ತದೆ. ಅದಕ್ಕೆ ಬುಕ್ ಮಾಡುವಾಗಲೇ "ರೆಡ್ ಅಲರ್ಟ್ ಬಂದರೆ ಅಡ್ವಾನ್ಸ್ ಇನ್ನೊಂದು ತಾರೀಕಿಗೆ ಹಾಕಿಕೊಡಬೇಕು" ಅಂತ ಬರೆಸಿಕೊಳ್ಳಿ. ಆಟಿಯಲ್ಲಿ ಹೇಗೂ ಖಾಲಿ ಇರುವುದರಿಂದ ಹೆಚ್ಚಿನವರು ಒಪ್ಪುತ್ತಾರೆ.

ರಂಜಾನ್ ತಿಂಗಳಲ್ಲೂ ಹಲವು ಹಾಲ್ ಖಾಲಿ ಇರುತ್ತವೆ, ಬಾಡಿಗೆಯೂ ಇಳಿದಿರುತ್ತದೆ. ಆ ಆಸೆಗೆ ಬೀಳಬೇಡಿ. ಉಪ್ಪಳ, ಕುಂಬಳೆ, ಕಾಸರಗೋಡು ಪೇಟೆಯ ಆಟಗಾರರಲ್ಲಿ ಎಷ್ಟೋ ಜನ ಉಪವಾಸ ಇರುತ್ತಾರೆ. ಇಡೀ ದಿನದ ಟೂರ್ನಿಯಲ್ಲಿ ಅವರನ್ನು ನೀರು ಕುಡಿಯದೆ ಆಡಿಸಿ, ಇಫ್ತಾರ್ ಹೊತ್ತಿಗೆ ಫೈನಲ್ ಇಡುವುದು ಸರಿಯಲ್ಲ. ಜಾಗ ಎಲ್ಲರಿಗೂ ತೆರೆದಿರಬೇಕು ಅಂದ ಮೇಲೆ ತಾರೀಕೂ ಹಾಗೇ ಇರಬೇಕು.

ಶಾಲೆಯ ಹಾಲ್ ಆದರೆ ರಜೆ ನೋಡಿ. ಕೇರಳದ ಶಾಲೆಗಳಿಗೆ ಏಪ್ರಿಲ್, ಮೇ ಬೇಸಿಗೆ ರಜೆ. ಓಣಂಗೆ, ಕ್ರಿಸ್ಮಸ್‌ಗೆ ಹತ್ತತ್ತು ದಿನ. ಉಳಿದ ದಿನಗಳಲ್ಲಿ ಭಾನುವಾರ ಮಾತ್ರ ಗ್ಯಾರಂಟಿ, ಯಾಕಂದ್ರೆ ಶನಿವಾರ ಪಿಎಸ್‌ಸಿ (ಸರ್ಕಾರಿ ನೌಕರಿಯ) ಪರೀಕ್ಷೆ ಬಂದು ಕೂರುತ್ತದೆ. ನವೆಂಬರ್ ಹೊತ್ತಿಗೆ ಉಪಜಿಲ್ಲಾ ಕಲೋತ್ಸವಗಳು, ಅಂದರೆ ಶಾಲಾ ಮಕ್ಕಳ ಕಲಾ ಸ್ಪರ್ಧೆಗಳು. ಮಂಗಳೂರು, ಪುತ್ತೂರು, ಸುಳ್ಯದಿಂದಲೂ ಮಕ್ಕಳು ಬರುವುದಿದ್ದರೆ ಗಡಿಯ ಆಚೆಯ ಪರೀಕ್ಷೆಯ ದಿನಗಳನ್ನೂ ಕೇಳಿಟ್ಟುಕೊಳ್ಳಿ.

ಬಸ್ಸಿಲ್ಲದ ಊರಿನ ಚೆಂದದ ಹಾಲ್

ಒಳಊರುಗಳಲ್ಲಿ ಅಡಕೆ ತೋಟದ ನಡುವೆ, ದೇವಸ್ಥಾನದ ಪಕ್ಕದಲ್ಲಿ, ತುಂಬಾ ಚೆಂದದ ಸಭಾಭವನಗಳಿವೆ. ಬಾಡಿಗೆ ಪೇಟೆಯ ಅರ್ಧದಷ್ಟೂ ಇರುವುದಿಲ್ಲ. ಆದರೆ ಭಾನುವಾರ ಒಳದಾರಿಯ ಖಾಸಗಿ ಬಸ್ಸುಗಳು ಟ್ರಿಪ್ ಕಡಿಮೆ ಮಾಡುತ್ತವೆ. ಸಂಜೆ ಆರಕ್ಕೆ ಟೂರ್ನಿ ಮುಗಿಸಿ ಹೊರಗೆ ಬಂದರೆ ಕೊನೆಯ ಬಸ್ಸು ಹೋಗಿ ಆಗಿರುತ್ತದೆ. ನೂರು ಜನ ಆಟೋ ಹಿಡಿಯುವ ಖರ್ಚು ಲೆಕ್ಕ ಹಾಕಿ. ನೀವು ಬಾಡಿಗೆಯಲ್ಲಿ ಉಳಿಸಿದ್ದನ್ನು ಆಟಗಾರರ ಜೇಬಿನಿಂದ ತೆಗೆಸಿದ ಹಾಗಾಯಿತು.

ಕನ್ನಡದವರು ಹೆಚ್ಚಾಗಿ ಬರುವ ಟೂರ್ನಿಗೆ ನನ್ನ ಮೊದಲ ಆಯ್ಕೆ ಕುಂಬಳೆ. ಮಂಗಳೂರು ಮತ್ತು ಕಾಸರಗೋಡು ನಡುವಿನ ಬಸ್ಸು ಅಲ್ಲಿಂದಲೇ ಹೋಗುತ್ತದೆ. ಬದಿಯಡ್ಕ, ಮುಳ್ಳೇರಿಯ ಕಡೆಯಿಂದ ಬರುವ ರಸ್ತೆ ಅಲ್ಲಿಗೇ ಬಂದು ಸೇರುತ್ತದೆ. ರೈಲ್ವೆ ಸ್ಟೇಷನ್ ಕೂಡ ಹೆದ್ದಾರಿಗೆ ಹತ್ತಿರ. ಕಣ್ಣೂರು, ಪಯ್ಯನ್ನೂರು ಕಡೆಯವರೂ ದೊಡ್ಡ ಸಂಖ್ಯೆಯಲ್ಲಿ ಬರುವುದಾದರೆ ಕಾಸರಗೋಡು ಪೇಟೆಯೇ ಒಳ್ಳೆಯದು, ಯಾಕಂದ್ರೆ ಎಕ್ಸ್‌ಪ್ರೆಸ್ ರೈಲುಗಳು ಹೆಚ್ಚಾಗಿ ಅಲ್ಲಿ ನಿಲ್ಲುತ್ತವೆ. ಕುಂಬಳೆ, ಉಪ್ಪಳ, ಮಂಜೇಶ್ವರಗಳಲ್ಲಿ ಮುಖ್ಯವಾಗಿ ಪ್ಯಾಸೆಂಜರ್ ರೈಲುಗಳೇ.

ಹೆದ್ದಾರಿ ಬದಿಯ ಹಾಲ್ ನೋಡುವಾಗ ಒಂದು ವಿಷಯ ಮರೆಯಬೇಡಿ. ರಾಷ್ಟ್ರೀಯ ಹೆದ್ದಾರಿ 66 ಆರು ಪಥ ಆದ ಮೇಲೆ "ರಸ್ತೆಯ ಆಚೆ ಬದಿ" ಅಂದರೆ ಮೊದಲಿನ ಹಾಗೆ ಹತ್ತು ಹೆಜ್ಜೆಯಲ್ಲ. ಬಸ್ಸು ಸರ್ವಿಸ್ ರೋಡಿನಲ್ಲಿ ನಿಲ್ಲುತ್ತದೆ. ದಾಟಬೇಕಾದರೆ ಅಂಡರ್‌ಪಾಸ್‌ವರೆಗೆ ನಡೆಯಬೇಕು, ಇಲ್ಲವೇ ಮೇಲ್ಸೇತುವೆಯ ಮೆಟ್ಟಿಲು ಹತ್ತಬೇಕು. ಮಂಗಳೂರಿನಿಂದ ಬಂದವರು ಒಂದು ಬದಿಯಲ್ಲಿ ಇಳಿಯುತ್ತಾರೆ, ಕಾಸರಗೋಡಿನಿಂದ ಬಂದವರು ಇನ್ನೊಂದು ಬದಿಯಲ್ಲಿ. ಕಾರಿನಲ್ಲಿ ಹೋಗಿ ಹಾಲ್ ನೋಡಿ ಬಂದವರಿಗೆ ಇದು ಗೊತ್ತೇ ಆಗುವುದಿಲ್ಲ. ಒಮ್ಮೆ ಬಸ್ಸಿನಲ್ಲೇ ಹೋಗಿ, ಎರಡೂ ಕಡೆಯಿಂದ ನಡೆದು ನೋಡಿ.

ಊಟದ ಹಾಲ್ ಕೇಳಿ

ನಮ್ಮ ಕಲ್ಯಾಣಮಂಟಪಗಳಲ್ಲಿ ಮದುವೆ ನಡೆಯುವ ಹಾಲ್ ಎಷ್ಟೋ ಕಡೆ ಮೇಲಿನ ಮಹಡಿಯಲ್ಲಿ, ಊಟದ ಹಾಲ್ ಕೆಳಗೆ. ನಮಗೆ ಬೇಕಾದದ್ದು ಆ ಕೆಳಗಿನದ್ದು. ನೆಲ ಸಪಾಟಾಗಿರುತ್ತದೆ. ಟೇಬಲ್, ಕುರ್ಚಿ ಅಲ್ಲೇ ಇರುತ್ತವೆ. ಕೈ ತೊಳೆಯುವ ಜಾಗ, ಕುಡಿಯುವ ನೀರು ಪಕ್ಕದಲ್ಲೇ. ಅಡುಗೆ ಸಾಮಾನು ಇಳಿಸಲು ಅಂತ ಹಿಂದುಗಡೆ ಅಗಲದ ಬಾಗಿಲು, ಹೆಚ್ಚಿನ ಕಡೆ ಮೆಟ್ಟಿಲಿಲ್ಲದೆ. ಮುಂಬಾಗಿಲಿಗೆ ಹನ್ನೆರಡು ಮೆಟ್ಟಿಲು ಇರುವ ಮಂಟಪದಲ್ಲೂ ಅಕ್ಕಿ ಮೂಟೆ ಒಳಗೆ ಹೋಗುವ ದಾರಿ ಸಮತಟ್ಟಾಗಿಯೇ ಇರುತ್ತದೆ!

"ಊಟದ ಹಾಲ್ ಮಾತ್ರ ಸಾಕು, ಮೇಲಿನದ್ದು ಬೇಡ, ಎಸಿ ಬೇಡ, ಡೆಕೋರೇಶನ್ ಬೇಡ" ಅಂದಾಗ ಮ್ಯಾನೇಜರ್ ಒಮ್ಮೆ ಮುಖ ನೋಡುತ್ತಾರೆ. ಅವರ ರೇಟ್ ಕಾರ್ಡಿನಲ್ಲಿ ಅಂಥದ್ದು ಇರುವುದಿಲ್ಲ. ಮುಹೂರ್ತ ಇಲ್ಲದ ದಿನವಾದರೆ ಅಲ್ಲೇ ಒಂದು ಮೊತ್ತ ಹೇಳುತ್ತಾರೆ, ಮಾತು ಅಲ್ಲಿಂದ ಶುರುವಾಗಲಿ.

ಊಟದ ಹಾಲ್‌ಗೂ ಅದರದೇ ತೊಂದರೆಗಳಿವೆ. ಬಾಳೆಲೆ ಊಟಕ್ಕೆ ಮಾಡಿದ ಟೇಬಲ್ ಉದ್ದ ಜಾಸ್ತಿ, ಅಗಲ ಕಡಿಮೆ. ಒಂದೂವರೆ ಅಡಿ ಅಂದರೆ ಸುಮಾರು 45 ಸೆಂಟಿಮೀಟರ್. ಟೂರ್ನಿಯ ಚೆಸ್ ಬೋರ್ಡೇ ಅಷ್ಟಿರುತ್ತದೆ. ಗಡಿಯಾರ, ನಡೆ ಬರೆಯುವ ಹಾಳೆ, ಹೊಡೆದ ಕಾಯಿ ಎಲ್ಲಿಡುವುದು? ಎರಡು ಟೇಬಲ್‌ಗಳ ಉದ್ದದ ಬದಿಗಳನ್ನು ಜೋಡಿಸಿ ಒಂದು ಮಾಡಿ. ಹಾಗೆ ಮಾಡಿದರೆ ಟೇಬಲ್ ಅರ್ಧಕ್ಕರ್ಧ ಆಗುತ್ತದೆ, ಅದನ್ನೂ ಎಣಿಸಿ. ಟೇಬಲ್ ಅಲುಗಾಡುತ್ತದಾ ನೋಡಿ. ಮಡಚುವ ಕಾಲಿನ ಟೇಬಲ್ ಮೇಲೆ ಕೈ ಊರಿ ಒಮ್ಮೆ ಒತ್ತಿ. ಚೆಸ್ ಕಾಯಿ ಬೀಳುವಂತಿದ್ದರೆ ಬೇರೆ ಟೇಬಲ್ ಕೇಳಿ.

ಅಡುಗೆಮನೆ ಹೊಗೆ, ಪಾತ್ರೆ ಸದ್ದು ಹಾಲ್‌ಗೆ ಬರುತ್ತದಾ ಅಂತ ಯಾವುದಾದರೂ ಊಟ ನಡೆಯುವ ದಿನವೇ ಹೋಗಿ ನೋಡಿ. ಆಡುವ ಕಡೆಯೇ ಊಟ ಬಡಿಸುವುದಂತೂ ಸಾಧ್ಯವಿಲ್ಲ. ಜಗುಲಿಯೋ, ಹೊರಗಿನ ಶೀಟ್ ಹಾಕಿದ ಚಾವಡಿಯೋ ಊಟಕ್ಕೆ ಬೇಕು.

ಇನ್ನೊಂದು ಲಾಭ ಇದೆ. ಮಂಟಪದಲ್ಲಿ ಮದುಮಗಳ ಕೋಣೆ ಅಂತ ಇರುತ್ತದೆ, ಕನ್ನಡಿ, ಫ್ಯಾನ್, ಬಾತ್‌ರೂಮ್ ಸಮೇತ. ಆಡಿಟೋರಿಯಂ ಆದರೆ ಗ್ರೀನ್ ರೂಂ. ಅದನ್ನು ಬಾಡಿಗೆಯ ಜೊತೆಗೇ ಕೇಳಿ ತೆಗೆದುಕೊಳ್ಳಿ. ಮಗುವಿಗೆ ಹಾಲು ಕುಡಿಸುವ ತಾಯಿಗೆ, ಗದ್ದಲ ತಡೆಯಲಾಗದ ಮಗುವಿಗೆ, ಮಾತ್ರೆ ತೆಗೆದುಕೊಂಡು ಸ್ವಲ್ಪ ಮಲಗಬೇಕಾದ ಹಿರಿಯರಿಗೆ ಅದು ಬೇಕೇ ಬೇಕು.

ಟೇಪ್ ಹಿಡಿದು ಹೋಗಿ

ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಜಿಲ್ಲೆ ನಮ್ಮದು. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಕಾರಡ್ಕ, ಮುಳಿಯಾರು ಪಂಚಾಯತ್‌ಗಳಲ್ಲಿ ಅದರಿಂದ ಅಂಗವೈಕಲ್ಯ ಬಂದವರಿರುವ ಮನೆಗಳು ಎಷ್ಟೋ ಇವೆ. ಆ ಮಕ್ಕಳು ಈಗ ಯುವಕ ಯುವತಿಯರಾಗಿದ್ದಾರೆ. ಮೈದಾನದ ಆಟಕ್ಕೆ ಹೋಗಲಾಗದವರೂ ಕೂತು ಆಡುವ ಆಟಕ್ಕೆ ಬರಬಹುದು. ಅವರಿಗೂ ಬರಲಾಗದ ಜಾಗದಲ್ಲಿ ಬೋರ್ಡ್ ಗೇಮ್ ಟೂರ್ನಿ ಮಾಡಿ ಏನು ಪ್ರಯೋಜನ?

"ವೀಲ್‌ಚೇರ್ ಬರ್ತದಾ?" ಅಂತ ಫೋನಿನಲ್ಲಿ ಕೇಳಿದರೆ ಎಲ್ಲ ಕಡೆಯೂ ಒಂದೇ ಉತ್ತರ: "ಬರ್ತದೆ, ನಾಲ್ಕು ಜನ ಎತ್ತಿದ್ರೆ ಆಯ್ತಲ್ಲ." ಒಳ್ಳೆ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಒಬ್ಬ ಮನುಷ್ಯನನ್ನು ದಿನಕ್ಕೆ ಆರು ಸಲ, ಊಟಕ್ಕೆ, ಬಾತ್‌ರೂಮಿಗೆ ಅಂತ ಎಲ್ಲರೆದುರು ಎತ್ತಿ ಇಳಿಸುವುದು ಅವರಿಗೆ ಎಷ್ಟು ಮುಜುಗರ, ಅಲ್ವಾ? ಬಿದ್ದರೆ ಯಾರು ಹೊಣೆ?

ಹಾಗಾಗಿ ಟೇಪ್ ಹಿಡಿದು ನೀವೇ ಹೋಗಿ. ರ‍್ಯಾಂಪಿಗೆ ಒಂದು ಸರಳ ಲೆಕ್ಕ: ಎಷ್ಟು ಎತ್ತರವೋ ಅದರ ಹನ್ನೆರಡು ಪಟ್ಟು ಉದ್ದ. ಒಂದು ಮೆಟ್ಟಿಲು 15 ಸೆಂಟಿಮೀಟರ್ ಅಂದುಕೊಳ್ಳಿ. ಅದಕ್ಕೆ 1.8 ಮೀಟರ್, ಅಂದರೆ ಆರು ಅಡಿಯ ಹಲಗೆ ಸಾಕು. ಬಡಗಿಗೆ ಹೇಳಿದರೆ ಜಾರದ ಹಾಗೆ ಪಟ್ಟಿ ಹೊಡೆದು ಕೊಡುತ್ತಾನೆ. ಮೂರು ಮೆಟ್ಟಿಲಾದರೆ 5.4 ಮೀಟರ್, ಸುಮಾರು 18 ಅಡಿ. ಅಷ್ಟುದ್ದದ ಹಲಗೆ ಯಾರೂ ಹಾಕುವುದಿಲ್ಲ. ಎಂಟಡಿ ಹಲಗೆ ಹಾಕಿ "ರ‍್ಯಾಂಪ್ ಉಂಟು" ಅನ್ನುತ್ತಾರೆ. ಅದು ಮಕ್ಕಳ ಜಾರುಬಂಡಿ, ಮಳೆಯಲ್ಲಂತೂ ಕೇಳಲೇಬೇಡಿ. ಒಂದು ಮೆಟ್ಟಿಲಿನ ಹಾಲ್ ಸಿಕ್ಕಿದರೆ ಬಿಡಬೇಡಿ, ಮೂರಿದ್ದರೆ ಹಿಂಬಾಗಿಲು ಹುಡುಕಿ.

ಬಾಗಿಲಿನ ಅಗಲ 90 ಸೆಂಟಿಮೀಟರ್ ಇರಬೇಕು. ಹಾಲ್‌ನ ಬಾಗಿಲು ಯಾವತ್ತೂ ಅಷ್ಟಿರುತ್ತದೆ, ಸೋಲುವುದು ಬಾತ್‌ರೂಮಿನಲ್ಲಿ. ಸಾಮಾನ್ಯವಾಗಿ ವೀಲ್‌ಚೇರ್ 65ರಿಂದ 70 ಸೆಂಟಿಮೀಟರ್ ಅಗಲ ಇರುತ್ತದೆ. ಬಾತ್‌ರೂಮ್ ಬಾಗಿಲು 60 ಸೆಂಟಿಮೀಟರ್ ಇದ್ದರೆ ಕಥೆ ಮುಗಿಯಿತು. ಅದೂ ಅಲ್ಲದೆ ನಮ್ಮಲ್ಲಿ ಶೌಚಾಲಯಗಳು ಕಟ್ಟಡದ ಹಿಂದೆ, ಇಂಟರ್‌ಲಾಕ್ ಹಾಕಿದ ಅಂಗಳ ದಾಟಿ, ಒಂದು ಮೆಟ್ಟಿಲು ಮೇಲೆ, ಯಾವಾಗಲೂ ಒದ್ದೆ ನೆಲ. ಒಳಗೆ ಕಮೋಡ್ ಇದೆಯಾ? ಹಿಡಿದುಕೊಳ್ಳಲು ಗೋಡೆಯಲ್ಲಿ ಕಂಬಿ ಇದೆಯಾ? ಬಾಗಿಲು ಒಳಗೆ ತೆರೆಯುತ್ತದಾ, ಹೊರಗಾ? ಒಳಗೆ ತೆರೆಯುವ ಬಾಗಿಲಾದರೆ ವೀಲ್‌ಚೇರ್ ಒಳಗೆ ಹೋದ ಮೇಲೆ ಮುಚ್ಚಲಾಗುವುದಿಲ್ಲ. ಎರಡು ಹಾಲ್ ನಡುವೆ ಆಯ್ಕೆ ಕಷ್ಟವಾದರೆ ಬಾತ್‌ರೂಮ್ ಚೆನ್ನಾಗಿರುವುದನ್ನೇ ತೆಗೆದುಕೊಳ್ಳಿ. ಹೆಂಗಸರೂ, ಮಧುಮೇಹದ ಹಿರಿಯರೂ ನಿಮ್ಮನ್ನು ಹರಸುತ್ತಾರೆ.

ಟೇಬಲ್ ಕೆಳಗೆ ಮೊಣಕಾಲು ಹೋಗಲು 70 ಸೆಂಟಿಮೀಟರ್ ಎತ್ತರ ಬೇಕು, ಅಡ್ಡಪಟ್ಟಿ ಇರಬಾರದು. ಚೆನ್ನೆಮಣೆ ನೆಲದಲ್ಲಿ ಕೂತು ಆಡುವುದು ರೂಢಿ. ಆದರೆ ಅದನ್ನು ಚೆನ್ನಾಗಿ ಆಡಬಲ್ಲವರು ಮೊಣಕಾಲು ನೋವಿನ ಅಜ್ಜಿಯಂದಿರು, ಹಾಗಾಗಿ ಮಣೆಯನ್ನು ಗಿಡ್ಡ ಟೇಬಲ್ ಮೇಲಿಡಿ. ಹದಿನಾಲ್ಕು ಗುಳಿಯೂ ಕುರ್ಚಿಯಲ್ಲಿ ಕೂತವರ ಕೈಗೆ ಸಿಗಬೇಕು.

ಕಣ್ಣು ಕಾಣದ ಚೆಸ್ ಆಟಗಾರರು ತಮ್ಮದೇ ಬೋರ್ಡ್ ತರುತ್ತಾರೆ, ಕಾಯಿಗಳನ್ನು ರಂಧ್ರಕ್ಕೆ ಸಿಕ್ಕಿಸುವಂಥದ್ದು. ಅವರ ಆಟದಲ್ಲಿ ನಡೆಗಳನ್ನು ಬಾಯಲ್ಲಿ ಹೇಳಬೇಕು. ಅದಕ್ಕೆ ಎರಡು ಬೋರ್ಡ್ ಹಿಡಿಸುವ ಟೇಬಲ್ ಬೇಕು, ಮಾತು ಪಕ್ಕದವರಿಗೆ ತೊಂದರೆ ಆಗದ ಮೂಲೆಯೂ ಬೇಕು. ಕಿವಿ ಕೇಳದವರಿಗೆ ಮೈಕಿನ ಘೋಷಣೆ ಸಾಲದು, ಜೋಡಿಯ ಪಟ್ಟಿ ಗೋಡೆಯಲ್ಲಿ ಬೇಕು, ಅದೂ ಮೂರು ಕಡೆ.

ಸಾಧ್ಯವಾದರೆ ನಿಮ್ಮ ಪಂಚಾಯತ್‌ನ ಬಡ್ಸ್ ಶಾಲೆಯ (ಬೌದ್ಧಿಕ ಅಂಗವೈಕಲ್ಯ ಇರುವ ಮಕ್ಕಳ ಶಾಲೆ) ಟೀಚರ್ ಒಬ್ಬರನ್ನೋ, ವೀಲ್‌ಚೇರ್ ಬಳಸುವ ಆಟಗಾರರನ್ನೋ ಹಾಲ್ ನೋಡಲು ಜೊತೆಗೆ ಕರೆದುಕೊಂಡು ಹೋಗಿ. ನಮ್ಮ ಕಣ್ಣಿಗೆ ಬೀಳದ್ದು ಅವರಿಗೆ ಗೇಟಿನಲ್ಲೇ ಕಾಣುತ್ತದೆ.

ಬೆಳಕು, ಗಾಳಿ, ಸದ್ದು

ಸಂಜೆ ನಾಲ್ಕಕ್ಕೆ ಹೋಗಿ. ಮೋಡ ಇದ್ದರೆ ಇನ್ನೂ ಒಳ್ಳೆಯದು. ಟೇಬಲ್ ಮುಂದೆ ಕೂತು ಸಣ್ಣ ಅಕ್ಷರದ ಒಂದು ಕಾರ್ಡ್ ಓದಿ. ನಿಮ್ಮ ತಲೆಯ ನೆರಳು ಬೋರ್ಡ್ ಮೇಲೆ ಬೀಳುತ್ತದಾ ನೋಡಿ. ಮದುವೆ ಹಾಲ್‌ನ ಬಣ್ಣದ ದೀಪ ಫೋಟೋಗೆ ಚೆಂದ, ಆಟಕ್ಕೆ ಪ್ರಯೋಜನವಿಲ್ಲ. ಕೇರಂಗೆ ಪ್ರತಿ ಬೋರ್ಡಿನ ಮೇಲೂ ಶೇಡ್ ಹಾಕಿದ ಬಲ್ಬ್ ಇಳಿಬಿಡಬೇಕು. ಅದಕ್ಕೆ ಪ್ಲಗ್ ಎಷ್ಟಿವೆ, ಮೇಲೆ ಹಗ್ಗ ಕಟ್ಟಲು ಕಂಬಿ ಇದೆಯಾ ಅಂತ ನೋಡಿ. ನೆಲದಲ್ಲಿ ವಯರ್ ಎಳೆದರೆ ಟೇಪ್ ಹಚ್ಚಬೇಕು, ಇಲ್ಲದಿದ್ದರೆ ಯಾರಾದರೂ ಎಡವುತ್ತಾರೆ.

ಫ್ಯಾನ್ ಹಾಕಿಸಿ ನೋಡಿ. ಸೀಲಿಂಗ್ ಫ್ಯಾನ್ ಕೆಳಗೆ ಕಾರ್ಡ್ ಆಟ ಇಟ್ಟರೆ ಕಾರ್ಡ್ ಹಾರುತ್ತದೆ, ಕೇರಂ ಇಟ್ಟರೆ ಪೌಡರ್ ಹಾರುತ್ತದೆ. ಎತ್ತರದ ಮಾಡು, ಎರಡೂ ಬದಿ ಕಿಟಕಿ ಇದ್ದರೆ ಕೇರಂ ಟೇಬಲ್‌ಗಳನ್ನು ಫ್ಯಾನ್ ತಪ್ಪಿಸಿ ಇಡಬಹುದು.

ಮಾಡು ತಗಡಿನ ಶೀಟಾ, ಕಾಂಕ್ರೀಟಾ? ಆಟಿಯ ಮಳೆ ಶೀಟಿನ ಮೇಲೆ ಬಿದ್ದರೆ ಪಕ್ಕದವರ ಮಾತೂ ಕೇಳುವುದಿಲ್ಲ. ಖಾಲಿ ಹಾಲ್ ನಡುವೆ ನಿಂತು ಒಂದು ಚಪ್ಪಾಳೆ ಹೊಡೆಯಿರಿ. ಸದ್ದು ಸುತ್ತು ಹೊಡೆದು ನಿಧಾನಕ್ಕೆ ಅಡಗಿದರೆ, ಇನ್ನೂರು ಜನ ಸೇರಿದಾಗ ತಲೆನೋವು ಗ್ಯಾರಂಟಿ. ಮೊಬೈಲ್ ನೆಟ್‌ವರ್ಕ್ ಕೂಡ ಅಲ್ಲೇ ನೋಡಿ. ಜೋಡಿ ಹಾಕುವುದು ಲ್ಯಾಪ್‌ಟಾಪಿನಲ್ಲಿ, ತಿಳಿಸುವುದು ವಾಟ್ಸಾಪಿನಲ್ಲಿ. ತಗ್ಗಿನ ಹಾಲ್‌ನಲ್ಲಿ ಸಿಗ್ನಲ್ ಇಲ್ಲದಿದ್ದರೆ ಎಲ್ಲರೂ ಅಂಗಳಕ್ಕೆ ಓಡಬೇಕು.

ದುಡ್ಡಿನ ಮಾತು

"ಬಾಡಿಗೆ ಎಷ್ಟು" ಅಂತ ಕೇಳಬೇಡಿ. "ಬೆಳಗ್ಗೆ ಏಳರಿಂದ ಸಂಜೆ ಏಳರವರೆಗೆ, ಹಿಂದಿನ ಸಂಜೆ ಎರಡು ಗಂಟೆ, ಎಲ್ಲ ಸೇರಿ ಎಷ್ಟು" ಅಂತ ಕೇಳಿ. ಕ್ಲೀನಿಂಗ್, ಮೀಟರ್ ನೋಡಿ ಕರೆಂಟ್, ಜನರೇಟರ್ ಡೀಸೆಲ್, ಹೆಚ್ಚುವರಿ ಟೇಬಲ್, ನೀರು, ಹೊರಗಿನ ಅಡುಗೆಯವರು ಬಂದರೆ ಕಿಚನ್ ಚಾರ್ಜ್, ಠೇವಣಿ, ಒಂದೊಂದನ್ನೂ ಬರೆಸಿಕೊಳ್ಳಿ. ಒಟ್ಟು ಮೊತ್ತವನ್ನು ಆಟಗಾರರ ಸಂಖ್ಯೆಯಿಂದ ಭಾಗಿಸಿ. ತಲೆಗೆ ಬೀಳುವ ಆ ಮೊತ್ತ ಪ್ರವೇಶ ಶುಲ್ಕದ ಮೂರನೇ ಒಂದು ಭಾಗ ದಾಟಿದರೆ ನಾನು ಬೇರೆ ಹಾಲ್ ನೋಡುತ್ತೇನೆ.

ಜಿಎಸ್‌ಟಿ ಗಮನಿಸಿ. ಹಾಲ್ ಬಾಡಿಗೆಗೆ ಶೇ. 18 ತೆರಿಗೆ. ಆದರೆ ದೇವಸ್ಥಾನ, ಚರ್ಚ್, ಮಸೀದಿಗಳ ಆವರಣದಲ್ಲಿರುವ, ಸಾರ್ವಜನಿಕರಿಗೆ ತೆರೆದಿರುವ, ಆದಾಯ ತೆರಿಗೆ ಕಾಯ್ದೆಯಡಿ ನೋಂದಾಯಿತ ಧಾರ್ಮಿಕ ಅಥವಾ ಚಾರಿಟಬಲ್ ಟ್ರಸ್ಟಿನ ಹಾಲ್‌ಗೆ ದಿನದ ಬಾಡಿಗೆ 10,000 ರೂಪಾಯಿಗಿಂತ ಕಡಿಮೆ ಇದ್ದರೆ ವಿನಾಯಿತಿ ಇದೆ. 9,000 ರೂಪಾಯಿಯ ಹಾಲ್‌ಗೆ 9,000 ಕೊಟ್ಟರೆ ಮುಗಿಯಿತು. 11,000ದ ಹಾಲ್‌ಗೆ ತೆರಿಗೆ ಸೇರಿ 12,980. ಇನ್ನು ಜಿಎಸ್‌ಟಿ ನೋಂದಣಿಯೇ ಇಲ್ಲದವರು ಬಿಲ್ಲಿನಲ್ಲಿ ಆ ತೆರಿಗೆ ಹಾಕುವಂತಿಲ್ಲ. ಹಾಕಿದ್ದರೆ 15 ಅಂಕಿ ಅಕ್ಷರಗಳ ನಂಬರ್ ಇದೆಯಾ ನೋಡಿ.

ದೇವಸ್ಥಾನದ ಹಾಲ್ ಅಗ್ಗ, ಸ್ವಚ್ಛ, ಜನರಿಗೂ ಪರಿಚಿತ. ಆದರೆ ಷರತ್ತುಗಳನ್ನು ಮೊದಲೇ ಕೇಳಿ. ಮಾಂಸಾಹಾರ ಇಲ್ಲ ಅನ್ನುವುದು ದೊಡ್ಡ ಸಂಗತಿಯಲ್ಲ, ಒಂದು ಹೊತ್ತು ಅನ್ನ, ಸಾರು, ಪಲ್ಯ ಎಲ್ಲರಿಗೂ ಆಗುತ್ತದೆ. ಎಲ್ಲ ಮತದವರೂ ಸಂಕೋಚವಿಲ್ಲದೆ ಬರಬಹುದಾ ಅನ್ನುವುದು ದೊಡ್ಡ ಸಂಗತಿ. ಚರ್ಚ್ ಹಾಲ್, ಮದ್ರಸ ಹಾಲ್‌ಗೂ ಇದೇ ಪ್ರಶ್ನೆ. ನಿಮ್ಮ ತಂಡದಲ್ಲೇ ನಾಲ್ಕು ಕಡೆಯ ಜನ ಇದ್ದರೆ ಅವರನ್ನೇ ಕೇಳಿ, ನಿಜ ಹೇಳುತ್ತಾರೆ. ಅನುಮಾನ ಬಂದರೆ ಪಂಚಾಯತ್ ಹಾಲ್ ಅಥವಾ ಶಾಲೆ ಒಳ್ಳೆಯದು. ಸರ್ಕಾರಿ ಶಾಲೆಯಾದರೆ ಮುಖ್ಯೋಪಾಧ್ಯಾಯರ ಜೊತೆ ಪಿಟಿಎ (ಪೋಷಕ ಶಿಕ್ಷಕ ಸಂಘ) ಯವರನ್ನೂ ನೋಡಬೇಕು. ಎಯ್ಡೆಡ್ (ಸರ್ಕಾರದ ಅನುದಾನಿತ ಖಾಸಗಿ) ಶಾಲೆಯಾದರೆ ಮ್ಯಾನೇಜರ್. ಶಾಲೆಯಲ್ಲಿ ಬಾಡಿಗೆ ಬದಲು ನಾಲ್ಕು ಚೆಸ್ ಸೆಟ್, ಎರಡು ಕೇರಂ ಬೋರ್ಡ್ ಅಲ್ಲೇ ಬಿಟ್ಟುಹೋಗುತ್ತೇವೆ ಅಂದರೆ ಮಾತು ಬೇಗ ಕುದುರುತ್ತದೆ. ಒಂದೇ ತೊಂದರೆ, ಬೆಂಚು ಡೆಸ್ಕು ಚಿಕ್ಕ ಮಕ್ಕಳ ಅಳತೆಯವು. ದೊಡ್ಡವರು ಮೂರನೇ ಸುತ್ತಿಗೆ ಬೆನ್ನು ಹಿಡಿದುಕೊಳ್ಳುತ್ತಾರೆ. ಹೈಯರ್ ಸೆಕೆಂಡರಿ ಇರುವ ಶಾಲೆ ನೋಡಿ.

ಊಟವನ್ನು ಕುಟುಂಬಶ್ರೀ (ಹೆಂಗಸರ ಸ್ವಸಹಾಯ ಸಂಘ) ಘಟಕಕ್ಕೆ ವಹಿಸಿದರೆ ಅಗ್ಗ, ರುಚಿಯೂ ಮನೆಯದ್ದೇ.

ಕಾಗದಪತ್ರ

ಕೇರಳದಲ್ಲಿ ನೂರಕ್ಕಿಂತ ಹೆಚ್ಚು ಜನ ಸೇರುವ ಕಾರ್ಯಕ್ರಮವಾದರೆ ಕನಿಷ್ಠ ಮೂರು ದಿನ ಮೊದಲು ಪಂಚಾಯತ್ ಅಥವಾ ನಗರಸಭೆಗೆ ತಿಳಿಸಬೇಕು, ಕಸ ಒಯ್ಯಲು ಹರಿತ ಕರ್ಮ ಸೇನೆಗೆ (ಸ್ಥಳೀಯಾಡಳಿತದ ಕಸ ಸಂಗ್ರಹದ ತಂಡ) ಶುಲ್ಕ ಕೊಡಬೇಕು. ಪ್ಲಾಸ್ಟಿಕ್ ಲೋಟ, ತಟ್ಟೆ ನಡೆಯುವುದಿಲ್ಲ. ಪಿವಿಸಿ ಫ್ಲೆಕ್ಸ್‌ಗೆ 2019ರಿಂದ ನಿಷೇಧ, ಬ್ಯಾನರ್ ಬಟ್ಟೆಯದ್ದೇ ಬರೆಸಿ. ಗಡಿಯಾಚೆಯಿಂದ ಫ್ಲೆಕ್ಸ್ ಮಾಡಿಸಿ ತರುವವರಿದ್ದಾರೆ, ದಂಡ ಮಾತ್ರ ಇಲ್ಲೇ ಕಟ್ಟಬೇಕು. ಹೊರಗೆ ಮೈಕ್ ಕಟ್ಟುವುದಿದ್ದರೆ ಪೊಲೀಸ್ ಠಾಣೆಯ ಅನುಮತಿ. ಅರ್ಜಿಯನ್ನು ಕನ್ನಡದಲ್ಲೇ ಕೊಡಬಹುದು, ಭಾಷಾ ಅಲ್ಪಸಂಖ್ಯಾತರಾದ ನಮಗೆ ಆ ಹಕ್ಕಿದೆ. ಹಾಲ್‌ನ ಕರಾರು ಮಲಯಾಳದಲ್ಲಿದ್ದರೆ ಓದಲು ಬರುವವರಿಂದ ಪೂರ್ತಿ ಓದಿಸಿಯೇ ಸಹಿ ಹಾಕಿ.

ದಾಳ, ಇಸ್ಪೀಟಿನಂಥ ಕಾರ್ಡ್ ಕಂಡರೆ ಜೂಜು ಅಂದುಕೊಳ್ಳುವವರು ಇನ್ನೂ ಇದ್ದಾರೆ. ಕೌಶಲದ ಆಟಗಳಿಗೆ 1960ರ ಕೇರಳ ಗೇಮಿಂಗ್ ಕಾಯ್ದೆ ಅಡ್ಡಿಯಿಲ್ಲ. ಆದರೂ ಯಾವ ಯಾವ ಆಟ, ಹಣ ಪಣಕ್ಕಿಡುವುದಿಲ್ಲ ಅಂತ ಅರ್ಜಿಯಲ್ಲೇ ಬರೆಯಿರಿ. ಆಡಳಿತ ಸಮಿತಿಯವರಿಗೆ ಒಂದು ಆಟ ಆಡಿ ತೋರಿಸಿದರೆ ಇನ್ನೂ ಒಳ್ಳೆಯದು. ಆಮೇಲೆ ಅವರೇ ಎದ್ದು ಹೋಗಲು ಕೇಳುವುದಿಲ್ಲ ಮಾರಾಯ್ರೆ.

ಪ್ರಕಟಣೆಯಲ್ಲಿ ಏನಿರಬೇಕು

ಅಡ್ವಾನ್ಸ್ ಕೊಟ್ಟು ರಸೀದಿ ತೆಗೆದುಕೊಂಡ ಮೇಲೆ ಪ್ರಕಟಣೆಯಲ್ಲಿ ಹಾಲ್ ಹೆಸರು ಮಾತ್ರ ಹಾಕಿದರೆ ಸಾಲದು. ಎಲ್ಲಿ ಇಳಿಯಬೇಕು, ಯಾವ ಬದಿ, ಕೊನೆಯ ಬಸ್ಸು ಎಷ್ಟು ಗಂಟೆಗೆ, ಎಷ್ಟು ಮೆಟ್ಟಿಲು, ಬಾತ್‌ರೂಮ್ ಬಾಗಿಲು ಎಷ್ಟು ಅಗಲ, ಎಲ್ಲ ಬರೆಯಿರಿ, ಕನ್ನಡದಲ್ಲೂ ಮಲಯಾಳದಲ್ಲೂ. "ಅಂಗವಿಕಲರಿಗೆ ಸೌಲಭ್ಯ ಇದೆ" ಅಂತ ಸುಮ್ನೆ ಒಂದು ಸಾಲು ಹಾಕಿದರೆ ಯಾರೂ ನಂಬುವುದಿಲ್ಲ. "ಹಿಂಬಾಗಿಲಿನಲ್ಲಿ ಮೆಟ್ಟಿಲಿಲ್ಲ, ಕಮೋಡ್ ಇದೆ, ಕಂಬಿ ಇಲ್ಲ" ಅಂದರೆ ಬರಬೇಕಾ ಬೇಡವಾ ಅಂತ ಅವರೇ ನಿರ್ಧರಿಸುತ್ತಾರೆ.

ನೋಂದಣಿ ಫಾರ್ಮಿನಲ್ಲಿ "ಕೂರಲು, ಓಡಾಡಲು, ಕೇಳಲು, ನೋಡಲು ಏನಾದರೂ ವ್ಯವಸ್ಥೆ ಬೇಕೇ" ಅಂತ ಒಂದು ಪ್ರಶ್ನೆ ಇರಲಿ. ಸ್ವಿಸ್ ಪದ್ಧತಿಯಲ್ಲಿ ಪ್ರತಿ ಸುತ್ತಿಗೂ ಬೋರ್ಡ್ ನಂಬರ್ ಬದಲಾಗುತ್ತದೆ, ಎಲ್ಲರೂ ಎದ್ದು ಬೇರೆ ಟೇಬಲಿಗೆ ಹೋಗಬೇಕು. ವೀಲ್‌ಚೇರಿನವರಿಗೆ, ನಡೆಯಲು ಕಷ್ಟ ಇರುವ ಹಿರಿಯರಿಗೆ ಬಾಗಿಲಿಗೆ ಹತ್ತಿರದ ಒಂದೇ ಟೇಬಲ್ ಕಾಯಂ ಮಾಡಿ, ಎದುರಾಳಿಗಳೇ ಅಲ್ಲಿಗೆ ಬರಲಿ. ಇದನ್ನು ತೀರ್ಪುಗಾರರಿಗೆ ಮೊದಲ ಸುತ್ತಿನ ಜೋಡಿ ಹಾಕುವ ಮೊದಲೇ ಹೇಳಿಡಿ.